ಹಳತು ಪಳಗುವ ಬಗೆ

ಮಂಗಳೂರಿನ ಪಂಪ್‌ವೆಲ್‌ನಿಂದ ನಂತೂರಿಗೆ ಏರುವಲ್ಲಿ ಒಂದು ಲಾರಿ ನಿಂತುಬಿಟ್ಟರೆ ಸಾಕು, ಅತ್ತ ಕೆಪಿಟಿ, ಇತ್ತ ಬಿಕರ್ನಕಟ್ಟೆ, ಮೇಲೆ ಮಲ್ಲಿಕಟ್ಟೆಯವರೆಗೂ ಬಸ್ಸುಗಳ ಸಾಲು. ಏನಾಯಿತೆಂದು ನೋಡಲು ಇಳಿದ ಕಂಡಕ್ಟರ್ ವಾಪಸು ಬಂದು ಎಷ್ಟೋ ಸಲ ಎರಡೇ ಶಬ್ದ ಹೇಳುತ್ತಾನೆ: "ಪ್ಲೇಟ್ ಕಟ್." ಲಾರಿಯ ಅಡಿಯಲ್ಲಿ ಬಿಲ್ಲಿನಂತೆ ಬಾಗಿ ಒಂದರ ಮೇಲೊಂದು ಮಲಗಿರುವ ಉಕ್ಕಿನ ಪಟ್ಟಿಗಳಲ್ಲಿ ಒಂದು ತುಂಡಾಗಿದೆ ಎಂದರ್ಥ. ಪಣಂಬೂರು ಬಂದರಿನಿಂದ ಹೊರಟ ಸರಕು ಶಿರಾಡಿ ಘಾಟಿ ಹತ್ತಬೇಕಾದರೂ ಕೇರಳಕ್ಕೆ ಇಳಿಯಬೇಕಾದರೂ ನಂತೂರನ್ನು ದಾಟಲೇಬೇಕು. ಹಾಗಾಗಿ ಈ ಎರಡು ಶಬ್ದಗಳು ಇಲ್ಲಿನವರಿಗೆ ಹೊಸತಲ್ಲ.

ನಿಂತ ಲಾರಿಯ ಎಂಜಿನ್ನಿನಲ್ಲಿ ಕಂಪ್ಯೂಟರ್ ಇದೆ, ಗಾಜಿನ ಮೇಲೆ ಫಾಸ್ಟ್ಯಾಗ್ ಇದೆ, ಚಾಲಕನ ಮುಂದೆ ದಾರಿ ಹೇಳುವ ಫೋನಿದೆ. ಅದನ್ನು ನಿಲ್ಲಿಸಿದ್ದು ಮಾತ್ರ ಸಾರೋಟಿನ ಕಾಲದ ಒಂದು ಭಾಗ. ಇಷ್ಟು ಹಳೆಯದು ಇನ್ನೂ ಯಾಕಿದೆ? ಅದರ ಜೊತೆಗೇ ಇದ್ದ ಕಾರ್ಬ್ಯುರೇಟರ್ ಯಾಕೆ ಹೋಯಿತು? ಎಂಜಿನ್ನಿನ ಭಾಗಗಳಿಗೆ ಆಗುವುದೇ ನಾವು ದಿನಾ ಒತ್ತುವ ಕೀಲಿಮಣೆಗೂ ತಂತ್ರಾಂಶಕ್ಕೂ ಆಗುತ್ತದೆಯೇ? ಕನ್ನಡದಲ್ಲಿ ಇದಕ್ಕೆ ಎರಡು ಮಾತಿವೆ: ಹಳತಾಗುವುದು, ಪಳಗುವುದು. ಹಳತಾಗಲು ಬರೀ ಕಾಲ ಸಾಕು. ಪಳಗಲು ಕೈ ಬೇಕು. ಈ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಂತೂರಿನ ಸುತ್ತಮುತ್ತ ಸಿಗುವ ಸಾಮಗ್ರಿಯಿಂದಲೇ ಹುಡುಕಬಹುದು ಅನಿಸುತ್ತದೆ.

ಪ್ಲೇಟಿನಿಂದಲೇ ಶುರುಮಾಡೋಣ. ಲೀಫ್ ಸ್ಪ್ರಿಂಗ್, ಉತ್ತರದವರ ಬಾಯಲ್ಲಿ ಕಮಾನು, ಯುರೋಪಿನ ಕುದುರೆಗಾಡಿಗಳಿಗಾಗಿ ಬೆಳೆದದ್ದು. 1804ರಲ್ಲಿ ಇಂಗ್ಲೆಂಡಿನ ಒಬಡಯಾ ಎಲಿಯಟ್ ಅಂಡಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ ಮೇಲೆ ಗಾಡಿಯ ಮೈ ಹಗುರಾಯಿತು. 1908ರ ಫೋರ್ಡ್ ಮಾಡೆಲ್ ಟಿ ಮುಂದೆ ಒಂದು, ಹಿಂದೆ ಒಂದು ಅಡ್ಡ ಕಮಾನಿನ ಮೇಲೆ ಕುಳಿತಿತ್ತು. ನಮ್ಮಲ್ಲಿ ಮಾರುತಿ ಓಮ್ನಿ 2019ರಲ್ಲಿ ನಿಲ್ಲುವವರೆಗೂ ಹಿಂದಿನ ಚಕ್ರಗಳಿಗೆ ಇದನ್ನೇ ನೆಚ್ಚಿಕೊಂಡಿತ್ತು. ನಂತೂರಿಗೆ ತಾಗಿದಂತಿರುವ ಮರೋಳಿಯಲ್ಲಿ ಈ ಕಮಾನುಗಳನ್ನು ಮಾಡಿದ ಕಾರ್ಖಾನೆಯೇ ಇತ್ತು: ಕೆನರಾ ವರ್ಕ್‌ಶಾಪ್ಸ್. ಕಟ್ಟಿದವರು ವಿ. ಎಸ್. ಕುಡ್ವ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದ ಮೂವರಲ್ಲಿ ಒಬ್ಬರು, 'ನವಭಾರತ' ದಿನಪತ್ರಿಕೆಯ ಹಿಂದೆಯೂ ಇದ್ದವರು. ಹಣ, ಸುದ್ದಿ, ಉಕ್ಕು ಮೂರನ್ನೂ ಒಬ್ಬರೇ ಕೈಗೆತ್ತಿಕೊಂಡದ್ದು ಆ ಕಾಲದ ಕರಾವಳಿಯ ರೀತಿ. ಕೆನರಾ ಸ್ಪ್ರಿಂಗ್ಸ್ ಎಂಬ ಹೆಸರು ಲಾರಿ ಮಾಲಕರ ಬಾಯಲ್ಲಿ ಓಡಾಡಿದ್ದು ಹಾಗೆ.

ಹೊರಗಿನಿಂದ ನೋಡಿದರೆ ಪ್ಲೇಟು ಇನ್ನೂರು ವರ್ಷದಿಂದ ಹಾಗೇ ಇದೆ. ಒಳಗೆ ಹಾಗಿಲ್ಲ. ಹಳೆಯ ಕಮ್ಮಾರ ಬಾಗಿಸಿದ ಸಾದಾ ಉಕ್ಕಿನ ಜಾಗಕ್ಕೆ ಸಿಲಿಕಾನ್, ಮ್ಯಾಂಗನೀಸ್, ಕ್ರೋಮಿಯಂ ಬೆರೆತ ಉಕ್ಕುಗಳು ಬಂದವು. ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸುವ ಕೆಲಸವನ್ನು ಅಳತೆಯ ಉಷ್ಣತೆಯಲ್ಲಿ ಮಾಡುವ ಕುಲುಮೆಗಳು ಬಂದವು. ಆಮೇಲೆ ಬಂದದ್ದು ಒಂದು ವಿಚಿತ್ರ ಉಪಾಯ. ಸಿದ್ಧವಾದ ಪಟ್ಟಿಯ ಮೇಲೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳ ಮಳೆ ಸುರಿಸುವುದು. ಹೊಡೆತ ತಿಂದ ಮೇಲ್ಮೈ ಒಳಕ್ಕೆ ಒತ್ತಿಕೊಳ್ಳುತ್ತದೆ, ಒತ್ತಿಕೊಂಡ ಕಡೆ ಬಿರುಕು ಬಾಯಿ ಬಿಡಲು ಕಷ್ಟ. ಕಣ್ಣಿಗೆ ಕಾಣದ ಈ ಒಂದು ಹಂತ ಪ್ಲೇಟಿನ ಆಯುಷ್ಯವನ್ನು ಎಷ್ಟೋ ಹೆಚ್ಚಿಸಿತು. ಮುಂದೆ ಹತ್ತು ಹನ್ನೆರಡು ಪಟ್ಟಿಗಳ ಕಟ್ಟಿನ ಬದಲು ನಡುವೆ ದಪ್ಪ, ತುದಿಗೆ ತೆಳು ಆಗುತ್ತ ಹೋಗುವ ಎರಡು ಮೂರು ಪಟ್ಟಿಗಳ ಪ್ಯಾರಾಬೋಲಿಕ್ ಕಮಾನು ಬಂತು. ತೂಕ ಇಳಿಯಿತು, ಪಟ್ಟಿಗಳ ನಡುವಿನ ಉಜ್ಜಾಟ ತಗ್ಗಿತು. ಅಮೆರಿಕದ ಕಾರ್ವೆಟ್‌ನಂಥ ಓಟದ ಕಾರು ಕೂಡ 1981ರಿಂದ ಗಾಜಿನೆಳೆಯ ಕಮಾನನ್ನು ಅಡಿಯಲ್ಲಿಟ್ಟುಕೊಂಡು ಸುಮಾರು ನಾಲ್ಕು ದಶಕ ಓಡಿತು. ಸಾರೋಟಿನ ವಸ್ತು ಎಂದು ನಕ್ಕವರನ್ನು ಅದು ಹಿಂದೆ ಹಾಕಿರಲೂಬಹುದು.

ಬದಲಾಗದೆ ಉಳಿದದ್ದು ಏನು? ತುದಿಯ ಎರಡು ಕಿವಿ, ನಡುವಿನ ಬೋಲ್ಟು, ಆಕ್ಸಲಿಗೆ ಬಿಗಿಯುವ ಯು-ಬೋಲ್ಟು. ಎಂದರೆ, ಬೇರೆ ಭಾಗಗಳಿಗೆ ತಾಗುವ ಕೂಡುಗಂಟುಗಳು. ಅವು ನಿಂತದ್ದರಿಂದಲೇ ಒಳಗಿನ ಉಕ್ಕು ಎಷ್ಟು ಬೇಕಾದರೂ ಬದಲಾಗಬಹುದಾಯಿತು, ರಸ್ತೆ ಬದಿಯ ಮೆಕ್ಯಾನಿಕ್ ಜ್ಯಾಕು ಪಾನಾ ಹಿಡಿದು ತುಂಡಾದ ಪಟ್ಟಿಯನ್ನಷ್ಟೇ ತೆಗೆದು ಬೇರೆ ಹಾಕಬಹುದಾಯಿತು. ಇಡೀ ಕಟ್ಟಿನಲ್ಲಿ ಒಂದು ತುಂಡಾದರೆ ಉಳಿದವು ಹೇಗಾದರೂ ಲಾರಿಯನ್ನು ಗ್ಯಾರೇಜಿನವರೆಗೆ ಮುಟ್ಟಿಸುತ್ತವೆ, ನಂತೂರಿನ ಏರಿನಲ್ಲಿ ಕೈಕೊಡದಿದ್ದರೆ. ನನಗೆ ಕಾಣುವ ಮಟ್ಟಿಗೆ ಪಳಗುವುದೆಂದರೆ ಮೊದಲು ಇದು: ಕೂಡುಗಂಟು ನಿಲ್ಲಬೇಕು, ಒಳಗು ಸಡಿಲವಾಗಬೇಕು.

ವಿದ್ವಾಂಸರು ಇದನ್ನು ಬೇರೆ ಬೇರೆ ದಿಕ್ಕಿನಿಂದ ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಅಬರ್‌ನಾಥಿ ಮತ್ತು ಅಟರ್‌ಬ್ಯಾಕ್ ಹೇಳಿದ್ದು: ಹೊಸ ವಸ್ತು ಬಂದಾಗ ಹತ್ತಾರು ರೂಪಗಳು ಪೈಪೋಟಿ ಮಾಡುತ್ತವೆ, ಒಂದು ರೂಪ ಗೆಲ್ಲುತ್ತದೆ, ಆಮೇಲೆ ಜಾಣತನವೆಲ್ಲ ವಸ್ತುವನ್ನು ಬಿಟ್ಟು ಅದನ್ನು ಮಾಡುವ ವಿಧಾನದ ಕಡೆ ತಿರುಗುತ್ತದೆ. ಪ್ಲೇಟಿನ ಕತೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ 2006ರ 'ದಿ ಶಾಕ್ ಆಫ್ ದಿ ಓಲ್ಡ್' ಪುಸ್ತಕದಲ್ಲಿ ಮಾಡಿದ ತಕರಾರು ಇನ್ನೂ ಮೂಲದ್ದು. ತಂತ್ರಜ್ಞಾನದ ಚರಿತ್ರೆಯನ್ನು ನಾವು ಕಂಡುಹಿಡಿದ ದಿನಾಂಕಗಳಿಂದ ಬರೆಯುತ್ತೇವೆ, ಬಳಕೆಯಿಂದ ಬರೆಯುವುದಿಲ್ಲ ಎನ್ನುತ್ತಾರೆ ಅವರು. ಎರಡನೇ ಮಹಾಯುದ್ಧ ಎಂದರೆ ರಾಕೆಟ್ ಎಂದು ನೆನೆಯುತ್ತೇವೆ, ಜರ್ಮನ್ ಸೇನೆ ಎಳೆಸಿಕೊಂಡದ್ದು ಬಹುಪಾಲು ಕುದುರೆಗಳಿಂದ. ಅದೇ ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಬೆನ್ನಿಗೆ ಇದ್ದಲಿನ ಗ್ಯಾಸ್ ಒಲೆ ಕಟ್ಟಿಕೊಂಡು ಓಡಿದವು.

ಮೂರನೆಯ ವಾದಕ್ಕೆ ಹಾಯಿಹಡಗಿನ ಹೆಸರಿದೆ: ಉಗಿಹಡಗು ಬಂದ ಮೇಲೆಯೇ ಹಾಯಿಹಡಗು ಅತ್ಯುತ್ತಮವಾಯಿತು, ಸಾವಿನ ಭಯ ಹಳೆಯದನ್ನು ಚುರುಕುಗೊಳಿಸುತ್ತದೆ ಎಂದು. ಹಡಗಿನ ಮಟ್ಟಿಗೆ ಇದನ್ನು ಒಪ್ಪದ ಇತಿಹಾಸಕಾರರಿದ್ದಾರೆ, ಆ ಸುಧಾರಣೆಗಳು ಹೇಗೂ ಬರುತ್ತಿದ್ದವು ಎನ್ನುತ್ತಾರೆ. ಮಂಗಳೂರಿನ ಹಳೆ ಬಂದರಿಗೆ ಹೋದರೆ ಇವರಿಬ್ಬರೂ ಹೇಳದ ಮೂರನೇ ದಾರಿ ಕಾಣುತ್ತದೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಲ್ಲು ಮರಳು ಹೊತ್ತು ಹೋಗುವ ಮಂಜಿ ಹಡಗುಗಳು ಸ್ಪರ್ಧಿಸಲೂ ಇಲ್ಲ, ಸಾಯಲೂ ಇಲ್ಲ. ಮರದ ಒಡಲನ್ನು ಉಳಿಸಿಕೊಂಡು ಡೀಸೆಲ್ ಎಂಜಿನ್ನನ್ನು ಹೊಟ್ಟೆಯೊಳಗೆ ಇಳಿಸಿಕೊಂಡವು.

ಸಾವಿನ ಮುನ್ನ ಚುರುಕಾಗುವ ಮಾತು ಕಾರ್ಬ್ಯುರೇಟರಿಗೆ ಮಾತ್ರ ನಿಜ. ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಒತ್ತಡ ಇಳಿದು ಪೆಟ್ರೋಲನ್ನು ತಾನೇ ಹೀರಿಕೊಳ್ಳುವ ಆ ಪುಟ್ಟ ಉಪಕರಣವನ್ನು ಮೆಕ್ಯಾನಿಕ್‌ಗಳು ಕಿವಿಯಿಂದ ಟ್ಯೂನ್ ಮಾಡುತ್ತಿದ್ದರು. ಸ್ಕ್ರೂ ಕಾಲು ಸುತ್ತು ತಿರುಗಿಸುವುದು, ಆಲಿಸುವುದು, ಮತ್ತೆ ತಿರುಗಿಸುವುದು. ಅದು ಹೋದದ್ದು ಕೆಟ್ಟದಾಗಿತ್ತೆಂದಲ್ಲ. ಹೊಗೆಯ ನಂಜು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಲೆಕ್ಕ ಪ್ರತಿ ಕ್ಷಣವೂ ತಪ್ಪದೆ ಬೇಕು, ಕಿವಿ ಅಷ್ಟು ನಿಖರವಲ್ಲ. ಕೊನೆಗಾಲದಲ್ಲಿ ಕಾರ್ಬ್ಯುರೇಟರಿಗೂ ಸೆನ್ಸರ್ ಕಟ್ಟಿ ನೋಡಿದರು. ಹಿಂದೆಂದಿಗಿಂತ ಜಾಣ, ಹಿಂದೆಂದಿಗಿಂತ ಜಟಿಲ, ರಿಪೇರಿಗೆ ಯಾರಿಗೂ ಬೇಡದ್ದು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಹೊಗೆ ನಿಯಮ ಜಾರಿಯಾದಾಗ ನಮ್ಮ ಹೊಸ ಬೈಕುಗಳಿಂದಲೂ ಅದು ಇಳಿದುಹೋಯಿತು. ಅದರ ಕೂಡುಗಂಟು ಎಂಜಿನ್ನಿನ ಜೊತೆಗಷ್ಟೇ ಇರಲಿಲ್ಲ, ಗಾಳಿಯ ಜೊತೆಗೂ ಇತ್ತು. ಗಾಳಿಯ ಕಡೆಯವರು ಕಾನೂನು ಬದಲಿಸಿದರು.

ಬಲ್ಮಠದ ಕಡೆ ಇಳಿದರೆ ಇನ್ನೊಂದು ಸಾಕ್ಷಿ, ಎಲ್ಲ ಸಿದ್ಧಾಂತಗಳನ್ನೂ ಸ್ವಲ್ಪ ಅಲುಗಿಸುವಂಥದ್ದು. 1843ರ ಜುಲೈಯಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಎಣ್ಣೆ ಶಾಯಿ ಒದ್ದೆ ಕಲ್ಲಿಗೆ ಅಂಟುವುದಿಲ್ಲ ಎಂಬ ಒಂದೇ ತತ್ತ್ವದ ಮೇಲೆ 1796ರ ಸುಮಾರಿಗೆ ಜರ್ಮನಿಯ ಸೆನೆಫೆಲ್ಡರ್ ಕಟ್ಟಿದ ವಿಧಾನ ಅದು. ಮುಂದಿನ ವರ್ಷ ಪತ್ರಿಕೆ ಬಳ್ಳಾರಿಗೆ ಹೋದಾಗ ಮೊಳೆಯಚ್ಚಿಗೆ ಬದಲಾಯಿತು. ಕಲ್ಲಚ್ಚು ತಾತ್ಕಾಲಿಕ, ಮೊಳೆಯೇ ಮುಂದಿನದು ಎಂದು ಎಲ್ಲರೂ ತಿಳಿದರು. ತಿಳಿದದ್ದು ಸರಿಯೂ ಆಗಿತ್ತು: 1894ರಲ್ಲಿ ಕಿಟೆಲ್ಲರ ನಿಘಂಟು ಬಾಸೆಲ್ ಮಿಶನ್ನಿನಿಂದ ಹೊರಬಿದ್ದದ್ದು ಮೊಳೆ ಜೋಡಿಸಿಯೇ. ಆದರೆ ಇಂದು ಬೆಳಗ್ಗೆ ನಂತೂರಿನ ಅಂಗಡಿಯಲ್ಲಿ ನೇತಾಡುವ ಪತ್ರಿಕೆಗಳೆಲ್ಲ ಆಫ್‌ಸೆಟ್. ಆಫ್‌ಸೆಟ್ ಎಂದರೆ ಕಲ್ಲಿನ ಬದಲು ತಗಡು, ನಡುವೆ ಒಂದು ರಬ್ಬರ್ ಉರುಳೆ, ತತ್ತ್ವ ಅದೇ ಎಣ್ಣೆ ನೀರಿನ ಹಗೆತನ. ಸೋತುಹೋದ ಕಲ್ಲಚ್ಚಿನ ಮೊಮ್ಮಗ ಬಂದು ಗೆದ್ದ ಮೊಳೆಯನ್ನು ಮ್ಯೂಸಿಯಮ್ಮಿಗೆ ಕಳಿಸಿದ್ದಾನೆ. ಹಳೆಯ ತಂತ್ರವನ್ನು ಸತ್ತಿತೆಂದು ಘೋಷಿಸುವ ಮುಂಚೆ ಅದರ ಸಂತಾನ ಎಲ್ಲಿದೆ ಎಂದು ನೋಡಬೇಕು.

ಹೆಂಚಿನ ಬಗ್ಗೆ ಮಂಗಳೂರಿನಲ್ಲಿ ಎಲ್ಲರೂ ಬರೆದಿದ್ದಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಶುರುಮಾಡಿದ ಹೆಂಚು ಮೂಲತಃ ಫ್ರಾನ್ಸಿನ ಗಿಲಾರ್ಡೋನಿ ಸೋದರರ 1841ರ ಕಲ್ಪನೆಯ ಕುಲದ್ದು. ಅದರ ಗುಟ್ಟೆಲ್ಲ ಅಂಚಿನ ತೋಡು ಮತ್ತು ಏಣಿನಲ್ಲಿ: ಒಂದು ಹೆಂಚು ಪಕ್ಕದ್ದನ್ನು ಕಚ್ಚಿ ಹಿಡಿಯುತ್ತದೆ. ಒಡೆದ ಒಂದನ್ನು ತೆಗೆದು ಇನ್ನೊಂದು ಇಡಬಹುದು, ಅದು ಬೇರೆ ಕಾರ್ಖಾನೆಯದ್ದಾದರೂ ಎಷ್ಟೋ ಸಲ ಕೂರುತ್ತದೆ. ನಾಡ ಹೆಂಚಿಗೆ ಈ ಶಿಸ್ತಿರಲಿಲ್ಲ, ಪ್ರತಿ ವರ್ಷ ಮಳೆಗೆ ಮುಂಚೆ ಇಡೀ ಮಾಡನ್ನೇ ಕೈಯಾಡಿಸಬೇಕಿತ್ತು. ಇಲ್ಲೂ ಗೆದ್ದದ್ದು ಕೂಡುಗಂಟೇ. ಸೋತದ್ದೂ ಅದರಿಂದಲೇ ಎನ್ನಬಹುದು. ಹೆಂಚಿನ ಇನ್ನೊಂದು ಕೂಡುಗಂಟು ಮರದ ರೀಪಿನ ಜೊತೆಗಿತ್ತು. ಮರ ದುಬಾರಿಯಾಗಿ ತಾರಸಿ ಬಂದಾಗ ಹೆಂಚಿಗೆ ಕೂರಲು ಜಾಗವೇ ಉಳಿಯಲಿಲ್ಲ.

ಈಗ ತಂತ್ರಾಂಶ. ನಂತೂರಿನಿಂದ ಪೂರ್ವಕ್ಕೆ ಬಿಕರ್ನಕಟ್ಟೆ, ಕುಲಶೇಖರ, ವಾಮಂಜೂರು, ಗುರುಪುರ ದಾಟಿದರೆ ಕಿನ್ನಿಕಂಬಳ. ಕೆ. ಪಿ. ರಾವ್ ಎಂದು ನಾಡಿಗೆ ಗೊತ್ತಿರುವ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಊರು. ಅವರು ಮಾಡಿದ್ದನ್ನು ಅರಿಯಲು ಟೈಪ್‌ರೈಟರಿನಿಂದ ಹೊರಡಬೇಕು. ಅನಂತ ಸುಬ್ಬರಾಯರು ರೂಪಿಸಿದ ಕನ್ನಡ ಟೈಪ್‌ರೈಟರ್ ಕೀಲಿಮಣೆ ತನ್ನ ಕಾಲಕ್ಕೆ ಸಾಹಸದ ಕೆಲಸ. ಯಂತ್ರದ ಸುತ್ತಿಗೆಗೆ ತಿಳಿಯುವುದು ಆಕಾರ ಮಾತ್ರ, ಹಾಗಾಗಿ ಬೆರಳು ಅಕ್ಷರದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ಕಂಪ್ಯೂಟರ್ ಬಂದ ಮೇಲೂ ಎಷ್ಟೋ ತಂತ್ರಾಂಶಗಳು ಅದೇ ತುಂಡು ಜೋಡಣೆಯನ್ನು ಮುಂದುವರಿಸಿದವು. ರಾವ್ ಅವರು ಬೆರಳನ್ನು ಆಕಾರದಿಂದ ಬಿಡಿಸಿ ಧ್ವನಿಗೆ ಕಟ್ಟಿದರು. ಇಂಗ್ಲಿಷ್ ಕೀಲಿಮಣೆಯ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ 'ಕನ್ನಡ': ಐದು ಒತ್ತು, ನಡುವಿನ ಎಫ್ ಒತ್ತಕ್ಷರದ ಕೊಂಡಿ. ಒತ್ತು ಎಲ್ಲಿ ಕೂರಬೇಕು, ಎಷ್ಟು ಸಣ್ಣದಾಗಬೇಕು ಎಂಬ ಚಿಂತೆ ಯಂತ್ರದ್ದು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅವರು ತಂತ್ರಾಂಶವನ್ನು ಹೊರತಂದರು, ವಿನ್ಯಾಸಕ್ಕೆ ಬೇಲಿ ಹಾಕಲಿಲ್ಲ. ಅದೇ ವಿನ್ಯಾಸ ಅಲ್ಪ ಬದಲಾವಣೆಯೊಡನೆ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಸರ್ಕಾರದ ಮಾನ್ಯತೆಯಲ್ಲಿ, ಈಗ ಫೋನುಗಳ ಕೀಲಿಮಣೆಗಳಲ್ಲಿ ನಿಂತಿದೆ. ಕೆಳಗಿನ ತಂತ್ರಾಂಶ, ಫಾಂಟು, ಯಂತ್ರ ಎಷ್ಟು ಸಲ ಬದಲಾದರೂ ಬೆರಳು ಕಲಿತದ್ದನ್ನು ಮರೆಯಬೇಕಾಗಿ ಬರಲಿಲ್ಲ. ಪ್ಲೇಟಿನ ಕಿವಿಯಂತೆಯೇ.

ಬೆರಳಿನ ಕಡೆ ಹೀಗೆ ಪಳಗಿದ್ದು ಸಂಗ್ರಹದ ಕಡೆ ಬಹಳ ಕಾಲ ಕೆಟ್ಟಿತ್ತು. ಒಬ್ಬೊಬ್ಬರ ಫಾಂಟಿಗೆ ಒಂದೊಂದು ಸಂಕೇತ. ನನ್ನ ಬಳಿ ಇಪ್ಪತ್ತು ವರ್ಷ ಹಿಂದಿನ ಕಡತಗಳಿವೆ. ಅಕ್ಷರ ಅಕ್ಷರವೂ ಕನ್ನಡದಲ್ಲೇ ಟೈಪು ಮಾಡಿದ್ದು, ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟು ಇಲ್ಲದೆ ಅದು ಕನ್ನಡವೇ ಅಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಕೇರಿ ಸಿಕ್ಕಿತ್ತು. ಆದರೆ ಮನೆಯಿದ್ದರೆ ಸಾಲದು, ಕ, ಹಲಂತ, ಷ ಮೂರನ್ನು ಕಂಡು 'ಕ್ಷ' ಬರೆಯಬಲ್ಲ ತಂತ್ರಾಂಶ ಕಾರ್ಯಾಚರಣ ವ್ಯವಸ್ಥೆಯೊಳಗೆ ಬೇಕು. ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ, ತುಂಗಾ ಎಂಬ ಫಾಂಟಿನಲ್ಲಿ. ನಡುವಿನ ಹತ್ತು ವರ್ಷಗಳ ತೆರವನ್ನು ತುಂಬಿದ್ದು 1998ರಲ್ಲಿ ಶೇಷಾದ್ರಿ ವಾಸು ಹೊರತಂದ ಬರಹದಂಥ ತಂತ್ರಾಂಶಗಳು. ಮಾನಕ ಬರುವವರೆಗೆ ಭಾಷೆ ಕಾಯುತ್ತ ಕೂರುವುದಿಲ್ಲ.

ಕೂಡುಗಂಟು ನಿಲ್ಲುವುದಕ್ಕೆ ಒಂದು ಬೆಲೆಯೂ ಇದೆ, ಅದನ್ನು ಯೂನಿಕೋಡಿನ ಒಂದು ಮನೆಯಲ್ಲಿ ನೋಡಬಹುದು. ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ಅಧಿಕೃತವಾಗಿ ಇಟ್ಟ ಹೆಸರು 'ಕನ್ನಡ ಲೆಟರ್ ಫ'. ಪಂಪನೂ ರನ್ನನೂ ಬಳಸಿದ ಅಕ್ಷರಕ್ಕೂ 'ಫ'ಕಾರಕ್ಕೂ ಯಾವ ಸಂಬಂಧವೂ ಇಲ್ಲ, ಇದು ಶುದ್ಧ ತಪ್ಪು. ತಿದ್ದುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ವಚನ, ಏಕೆಂದರೆ ಆ ಹೆಸರನ್ನೇ ನೆಚ್ಚಿದ ತಂತ್ರಾಂಶ ಎಲ್ಲೋ ಓಡುತ್ತಿರಬಹುದು. ಹಾಗಾಗಿ ಪಕ್ಕದಲ್ಲಿ ಸರಿಯಾದ ಅಡ್ಡಹೆಸರು ಬರೆದಿಟ್ಟು ತಪ್ಪನ್ನು ಹಾಗೇ ಬಿಟ್ಟಿದ್ದಾರೆ. ನನಗೆ ಇದರಲ್ಲಿ ಸಿಟ್ಟಿಗಿಂತ ಒಂದು ಬಗೆಯ ಗೌರವವೇ ಹೆಚ್ಚು. ಮಾತಿಗೆ ತಪ್ಪದಿರಲು ತಪ್ಪನ್ನೇ ಹೊತ್ತುಕೊಂಡು ತಿರುಗುವುದು ಎಲ್ಲರಿಂದಾಗುವ ಕೆಲಸವಲ್ಲ.

ತಂತ್ರಾಂಶ ಪಳಗುತ್ತದೆಯೇ ಎಂಬ ಪ್ರಶ್ನೆಗೆ ಕಂಪ್ಯೂಟರ್ ಲೋಕದಲ್ಲಿ ಎರಡು ಉತ್ತರಗಳಿವೆ. ಐಬಿಎಮ್ಮಿನ ಓಎಸ್/360 ವ್ಯವಸ್ಥೆ ಬೆಳೆದ ರೀತಿಯನ್ನು ಗಮನಿಸಿದ ಮೀರ್ ಲೆಹ್‌ಮನ್ 1974ರಿಂದ ಹೇಳುತ್ತ ಬಂದದ್ದು: ಲೋಕದ ಕೆಲಸಕ್ಕೆ ಬಳಸುವ ತಂತ್ರಾಂಶ ಬದಲಾಗುತ್ತಲೇ ಇರಬೇಕು, ಇಲ್ಲವಾದರೆ ನಿರುಪಯುಕ್ತವಾಗುತ್ತದೆ, ಬದಲಾದಷ್ಟೂ ಜಟಿಲವಾಗುತ್ತದೆ, ಯಾರಾದರೂ ಕುಳಿತು ಸರಳಗೊಳಿಸದಿದ್ದರೆ. ಡೊನಾಲ್ಡ್ ಕನೂತ್ ಇದಕ್ಕೆ ವಿರುದ್ಧ ದಿಕ್ಕು. ಪುಸ್ತಕ ಜೋಡಿಸುವ ತಮ್ಮ ಟೆಕ್ ತಂತ್ರಾಂಶಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲವೆಂದು ನಿಲ್ಲಿಸಿ, ದೋಷ ತಿದ್ದಿದಾಗೆಲ್ಲ ಆವೃತ್ತಿಯ ಅಂಕಿಯನ್ನು ಪೈಗೆ ಒಂದು ಸ್ಥಾನ ಹತ್ತಿರ ತರುತ್ತಾರೆ. ಅದು ಈಗ 3.141592653. ತಾವು ತೀರಿಕೊಂಡ ದಿನ ಅದು ಪೈ ಆಗಿಬಿಡಲಿ, ಉಳಿದ ದೋಷಗಳೆಲ್ಲ ಗುಣಗಳೆಂದು ಎಣಿಸಲ್ಪಡಲಿ ಎಂದಿದ್ದಾರೆ. ಬೆಂಗಳೂರು, ಮಂಗಳೂರುಗಳ ತಂತ್ರಾಂಶ ಉದ್ಯೋಗ ಬೆಳೆದದ್ದು ಲೆಹ್‌ಮನ್ನರ ಲೋಕದಲ್ಲಿ, ಕನೂತರದ್ದರಲ್ಲಿ ಅಲ್ಲ. 1959ರಲ್ಲಿ ಹುಟ್ಟಿದ ಕೋಬಾಲ್ ಭಾಷೆಯ ಹಳೆಯ ಕಾರ್ಯಕ್ರಮಗಳಲ್ಲಿ ಜಾಗ ಉಳಿಸಲೆಂದು ವರ್ಷಕ್ಕೆ ಎರಡೇ ಅಂಕಿ ಕೊಟ್ಟಿದ್ದರು. 2000 ಹತ್ತಿರವಾದಾಗ ಅದನ್ನು ಸಾಲು ಸಾಲಾಗಿ ಓದಿ ತಿದ್ದಲು ಭಾರತದ ಸಾವಿರಾರು ಹುಡುಗ ಹುಡುಗಿಯರು ಕುಳಿತರು. ಹಳೆಯ ಪಟ್ಟಿ ತುಂಡಾದಾಗ ಕೆಳಗೆ ತೂರಿ ಬೇರೆ ಹಾಕುವ ಕೆಲಸವೇ ಅದು, ಎಸಿ ಕೋಣೆಯಲ್ಲಿ.

ಈ ಎರಡು ಕಸುಬು ಇತ್ತೀಚೆಗೆ ಬಾನೆಟ್ಟಿನ ಅಡಿಯಲ್ಲಿ ಭೇಟಿಯಾಗಿವೆ, ಭೇಟಿ ಅಷ್ಟು ಸೌಹಾರ್ದದ್ದಲ್ಲ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಡೀಸೆಲ್ ಪಂಪನ್ನು ಕನ್ನಡ ನಾಡಿನ ಮನೆಮಾತಾಗಿಸಿತು. ಲಾರಿ, ಟ್ರಾಕ್ಟರ್, ನೀರೆತ್ತುವ ಎಂಜಿನ್, ಎಲ್ಲದಕ್ಕೂ ಮೈಕೊ ಪಂಪ್. ಅದನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಗಾಜಿನ ಕೊಳವೆಗಳಲ್ಲಿ ಪ್ರತಿ ಸಿಲಿಂಡರಿಗೆ ಎಷ್ಟು ಎಣ್ಣೆ ಬೀಳುತ್ತದೆಂದು ಅಳೆದು ಸರಿಪಡಿಸುವ ಅಂಗಡಿಗಳು ಊರೂರಲ್ಲಿ ಹುಟ್ಟಿದವು. ಕೆಪಿಟಿಯಂಥ, 1946ರಿಂದ ಇಲ್ಲಿರುವ ಪಾಲಿಟೆಕ್ನಿಕ್‌ಗಳಲ್ಲಿ ಕಲಿತವರೂ, ಎಲ್ಲೂ ಕಲಿಯದೆ ಕೈ ಪಳಗಿದವರೂ ಅಲ್ಲಿ ಸಮಾನ. ಈಗ ಕಾಮನ್ ರೈಲ್ ಇಂಜೆಕ್ಷನ್ ಬಂದು ಆ ಲೆಕ್ಕವೆಲ್ಲ ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆಯೊಳಗಿನ ತಂತ್ರಾಂಶಕ್ಕೆ ಹೋಗಿದೆ. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಾಷ್ ಕೊಟ್ಟ ವಿದ್ಯುನ್ಮಾನ ಇಂಜೆಕ್ಷನ್ನಿನಿಂದ ಹೊರಟ ಆ ಪೆಟ್ಟಿಗೆ ಹೊಗೆ ಇಳಿಸಿದೆ, ಎಣ್ಣೆ ಉಳಿಸಿದೆ, ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಅದರ ಕೂಡುಗಂಟು ಪಾಸ್‌ವರ್ಡ್ ಹಿಂದೆ ಇದೆ. ಹೊಸ ಸೆನ್ಸರ್ ಹಾಕಿದರೂ ಕಂಪೆನಿಯ ಉಪಕರಣ ಒಪ್ಪಿಗೆ ಕೊಡುವವರೆಗೆ ಎಷ್ಟೋ ಗಾಡಿಗಳು ಅದನ್ನು ಗುರುತಿಸುವುದಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ವಾಹನಗಳನ್ನೂ ಅದರೊಳಗೆ ಸೇರಿಸಿದ್ದು ಈ ಕಾರಣಕ್ಕೆ.

ತಯಾರಿಸಿದವನೊಬ್ಬನೇ ತೆರೆಯಬಲ್ಲ ವಸ್ತು ಹಳತಾಗಬಲ್ಲದು, ಪಳಗಲಾರದು ಎಂಬುದು ನನ್ನ ಗುಮಾನಿ. ಪ್ಲೇಟನ್ನು ಪಳಗಿಸಿದ್ದರಲ್ಲಿ ಮರೋಳಿಯ ಕುಲುಮೆಯ ಪಾಲೆಷ್ಟೋ, ಎಲ್ಲಿ ಯಾವ ಭಾರಕ್ಕೆ ಯಾವ ಪಟ್ಟಿ ಮೊದಲು ತುಂಡಾಗುತ್ತದೆಂದು ಅರಿತು ಒಂದು ಪಟ್ಟಿ ಹೆಚ್ಚಿಗೆ ಸೇರಿಸುತ್ತಿದ್ದ ರಸ್ತೆ ಬದಿಯವರದ್ದೂ ಅಷ್ಟೇ. ಅದು ನಿಯಮಕ್ಕೆ ವಿರುದ್ಧ, ಬ್ರೇಕಿಗೂ ಒಳ್ಳೆಯದಲ್ಲ, ಅದೂ ನಿಜ. ಕಿನ್ನಿಕಂಬಳದ ಕೀಲಿಮಣೆಗೆ ಬೇಲಿಯಿರಲಿಲ್ಲವಾದ್ದರಿಂದಲೇ ಅದನ್ನು ಹತ್ತು ಜನ ಹತ್ತು ಕಡೆ ನೆಟ್ಟರು. ಮುಚ್ಚಿದ ಪೆಟ್ಟಿಗೆಯೂ ಒಂದು ದಿನ ಹೀಗೆ ತೆರೆದುಕೊಂಡೀತು ಎಂಬವರಿದ್ದಾರೆ. ಇಪ್ಪತ್ತು ವರ್ಷದ ಹಿಂದಿನ ನನ್ನ ಕಡತಗಳನ್ನು ಈಗ ಪರಿವರ್ತಕಗಳು ಒಂದಿಷ್ಟು ತಪ್ಪಿನೊಡನೆ ಓದಿಕೊಡುತ್ತವೆ. ಅದನ್ನು ಬರೆದುಕೊಟ್ಟವರು ಹೆಚ್ಚಿನವರೂ ಫಾಂಟು ಮಾರಿದವರಲ್ಲ.

ನಂತೂರಿನಲ್ಲಿ ಈಗೀಗ ಸದ್ದಿಲ್ಲದ ಸರಕು ಗಾಡಿಗಳು ಕಾಣುತ್ತಿವೆ. ಟಾಟಾ ಏಸ್‌ನ ಬ್ಯಾಟರಿ ರೂಪ 2022ರಲ್ಲಿ ಬಂದದ್ದು. ಎಂಜಿನ್ ಇಲ್ಲ, ಗೇರಿನ ಗೊಣಗಾಟವಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಇದೆಯೋ ಇಲ್ಲವೋ ಎಂಬಷ್ಟು ಮೌನ. ಸಿಮೆಂಟು ಮೂಟೆ ಹೊತ್ತ ಅಂಥದ್ದೊಂದು ಮೊನ್ನೆ ಹಂಪು ಹತ್ತಿ ಇಳಿಯಿತು. ಬೇರೆ ಸದ್ದೇ ಇಲ್ಲದ್ದರಿಂದ ಹಿಂಚಕ್ರದ ಮೇಲಿನ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಕಿರ್ರೆಂದದ್ದು ಬಸ್ ಸ್ಟಾಪಿನವರೆಗೂ ಕೇಳಿಸಿತು.